ತೆನೆ ಹಬ್ಬ, ಗಂಜಿ ಊಟ ಮತ್ತು ನಮ್ಮ ಸಿಸ್ಟರ್

ನಮ್ಮ ಶಾಲೆಯಲ್ಲಿ ಓದಿದವರಿಗೆ ಸೆಪ್ಟೆಂಬರ್ 8 ಏನು ಅಂತ ಹೇಳಿಕೊಡಬೇಕಾಗಿಲ್ಲ. ಯೇಸುಸ್ವಾಮಿಯ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಮೊಂತಿ ಹಬ್ಬ, ತೆನೆ ಹಬ್ಬ, ಕುರಲ್ ಪರ್ಬ, ಏನು ಬೇಕಾದರೂ ಕರೆಯಿರಿ. ಆಗಸ್ಟ್ 30ರಿಂದಲೇ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಮಳೆಗೆ ನೆನೆದ ಡೇರೆ ಹೂ, ದಾಸವಾಳ, ಗೌರಿ ಹೂ, ಬೇಲಿಯಲ್ಲಿ ಸಿಕ್ಕಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು ಎಲ್ಲಾ ತಟ್ಟೆಗೆ ತುಂಬಿಕೊಂಡು ಇಗರ್ಜಿಗೆ (ಚರ್ಚಿಗೆ) ಓಡುವುದು, ಬಾಲೆ ಮರಿಯಮ್ಮನ ಪ್ರತಿಮೆಗೆ ಹಾಕುವುದು. ಒಂಬತ್ತು ದಿನ ಹೀಗೆ ಕಳೆದ ಮೇಲೆ ಹಬ್ಬ. ಗುರುಗಳು ಹೊಸ ತೆನೆಗಳನ್ನು ಆಶೀರ್ವದಿಸುತ್ತಾರೆ, ಮೆರವಣಿಗೆಯಲ್ಲಿ ಅವನ್ನು ಇಗರ್ಜಿಯ ಒಳಗೆ ತರುತ್ತಾರೆ, ಪೂಜೆ ಮುಗಿದ ಮೇಲೆ ಮನೆಗೆ ಇಷ್ಟು ಅಂತ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮನೆಗೆ ಬಂದು ಪ್ರಾರ್ಥನೆ ಮಾಡಿ, ತೆನೆಯ ಕಾಳು ಸುಲಿದು ಪುಡಿ ಮಾಡಿ, ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಊಟ. ಮೀನು ಮಾಂಸ ಇಲ್ಲ, ಕೆಸುವಿನ ದಂಟು, ಹರಿವೆ, ಅಲಸಂಡೆ, ಬೆಂಡೆ, ಹೀರೆಕಾಯಿ, ಹೀಗೆ ತರಕಾರಿಯದ್ದೇ ಹಬ್ಬ.

ಈ ಹಬ್ಬ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶುರುವಾದದ್ದು ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ. ಅಲ್ಲಿನ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಫಾದರ್ ಜೋಕಿಂ ಮಿರಾಂದಾ ಅದನ್ನು ಆರಂಭಿಸಿದರು ಅಂತ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಇದೆಲ್ಲ ನಮ್ಮ ಕಡೆಯ ಕ್ರೈಸ್ತರಿಗೆ ಗೊತ್ತಿರುವುದೇ. ಆದರೆ ನಾನು ಬರೆಯಬೇಕೆಂದು ಕೂತದ್ದು ಹಬ್ಬದ ಮರುದಿನದ ಬಗ್ಗೆ.

1980ರ ದಶಕದ ಕೊನೆಯ ವರ್ಷಗಳು. ನಮ್ಮ ತರಗತಿಯಲ್ಲಿ ಕ್ರೈಸ್ತ ಮಕ್ಕಳಿಗಿಂತ ಬೇರೆಯವರೇ ಜಾಸ್ತಿ. ಗದ್ದೆ ಕೆಲಸದವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಅಂಗಡಿಯವರ ಮಕ್ಕಳು, ನದಿಯಿಂದ ಮರಳು ತೆಗೆಯುವವರ ಮಕ್ಕಳು. ಹಬ್ಬದ ಮರುದಿನ ಬೆಳಿಗ್ಗೆ ನಮಗೆ ಪಾಠ ಮಾಡುತ್ತಿದ್ದ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಂದು ಬುಟ್ಟಿ ತುಂಬಾ ತೆನೆ ತಂದು ಮೇಜಿನ ಮೇಲೆ ಇಡುತ್ತಿದ್ದರು. ಹಾಜರಿ ಕರೆಯುವಾಗ ಒಬ್ಬೊಬ್ಬರೇ ಹೋಗಿ ತೆಗೆದುಕೊಳ್ಳಬೇಕು. ಎಲ್ಲರೂ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹಿಂದೂ ಹುಡುಗ ಅದನ್ನು ಮನೆಗೆ ಒಯ್ದರೆ ಅವನ ಅಜ್ಜಿ, "ಮರಿಯಮ್ಮನ ತೆನೆ ಬಂತು" ಅಂತ ಎರಡೂ ಕೈಯಲ್ಲಿ ತೆಗೆದುಕೊಂಡು, ತಮ್ಮ ಮನೆಯ ತೆನೆ ಕಟ್ಟುವ ಕಂಬಕ್ಕೇ ಕಟ್ಟುತ್ತಿದ್ದರಂತೆ. ತುಳುವರ ಮನೆಗಳಲ್ಲೂ ತೆನೆ ತರುವುದು, ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಎಲ್ಲ ಇದೆ ಅಲ್ವಾ. ಅವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಒಂದು ವರ್ಷ ಯಾರೋ ಕೇಳಿದರು, ಇದು ಇಗರ್ಜಿಯ ತೆನೆ, ನಮಗೂ ಯಾಕೆ ಕೊಡ್ತೀರಿ ಸಿಸ್ಟರ್ ಅಂತ. ಸಿಸ್ಟರ್ ಅವತ್ತು ಗಣಿತ ಬಿಟ್ಟು ಕತೆ ಹೇಳಿದರು. ಬೈಬಲಿನ ಹಳೆ ಒಡಂಬಡಿಕೆಯ ಕಾಲದಲ್ಲಿ ಜನ ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತುಂಬಿ ದೇವರ ಮುಂದೆ ತರಬೇಕಿತ್ತು. ತಂದಿಟ್ಟು ನಮಸ್ಕಾರ ಮಾಡಿದರೆ ಮುಗಿಯಲಿಲ್ಲ. ದೇವರು ಕೊಟ್ಟ ಒಳ್ಳೆಯದಕ್ಕೆಲ್ಲ ಸಂತೋಷಪಡುವಾಗ ಊರಲ್ಲಿ ಇರುವ ಪರದೇಶಿಯೂ ನಿಮ್ಮ ಜೊತೆ ಸಂತೋಷಪಡಬೇಕು ಅಂತ ಅಲ್ಲೇ ಹೇಳಿದೆ. ಗದ್ದೆ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಹೆಕ್ಕಬೇಡಿ, ಅದು ಬಡವರಿಗೆ ಮತ್ತು ಪರಊರಿನವರಿಗೆ ಅಂತಲೂ ಇದೆ. ರೂತಳು ಬೇರೆ ದೇಶದವಳು, ಗಂಡನನ್ನು ಕಳೆದುಕೊಂಡವಳು, ಹಾಗೆ ಬಿಟ್ಟ ತೆನೆ ಹೆಕ್ಕಿಯೇ ಅತ್ತೆಯನ್ನೂ ಸಾಕಿದಳು. ಅವಳ ವಂಶದಲ್ಲೇ ದಾವೀದ ಅರಸ ಬಂದ, ಕೊನೆಗೆ ಯೇಸುಸ್ವಾಮಿಯೂ ಬಂದರು. "ಹಾಗಾಗಿ ಈ ಬುಟ್ಟಿಯಲ್ಲಿ ನಿಮ್ಮ ಪಾಲು ನನ್ನದಲ್ಲ, ನಾನು ಇಟ್ಟುಕೊಂಡರೆ ಅದು ಕದ್ದ ಹಾಗೆ" ಅಂದರು. ಅಷ್ಟೇ ಹೇಳಿ ಮತ್ತೆ ಹಾಜರಿ ಪುಸ್ತಕ ತೆಗೆದರು.

ಸಿಸ್ಟರ್ ಬಗ್ಗೆ ಹೇಳುವಾಗ ಮುಷ್ಟಿ ಅಕ್ಕಿಯ ಡಬ್ಬದ ವಿಷಯ ಹೇಳದೆ ಬಿಟ್ಟರೆ ನನ್ನ ಬ್ಯಾಚಿನವರು ನನ್ನನ್ನು ಬಿಡಲಿಕ್ಕಿಲ್ಲ.

ಆಗ ಶಾಲೆಯಲ್ಲಿ ಸರಕಾರದ ಬಿಸಿಯೂಟ ಇರಲಿಲ್ಲ. ದೂರದಿಂದ ನಡೆದು ಬರುವವರು ಬುತ್ತಿ ತರಬೇಕು. ತರಲು ಏನೂ ಇಲ್ಲದವರು ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಬಾವಿಕಟ್ಟೆಯ ಕಡೆ ಹೋಗಿ ನೀರು ಕುಡಿದು, ಆಟದ ಮೈದಾನದಲ್ಲಿ ಸುಮ್ನೆ ಕಾಲ ಕಳೆಯುತ್ತಿದ್ದರು. ಸಿಸ್ಟರ್ ಇದನ್ನು ನೋಡಿಯೇ ಡಬ್ಬ ಇಟ್ಟದ್ದು. ಎಣ್ಣೆಯ ಹಳೆ ತಗಡಿನ ಡಬ್ಬ, ಬಾಯಿಗೆ ಒಂದು ದಪ್ಪ ಬಟ್ಟೆ ಕಟ್ಟಿ, ಮಧ್ಯದಲ್ಲಿ ಕೈ ಹೋಗುವಷ್ಟು ಸೀಳಿದ್ದರು. ಬೆಳಿಗ್ಗೆ ಸಾಲಿನಲ್ಲಿ ಬರುವಾಗ ಪ್ರತಿಯೊಬ್ಬರೂ ಮುಷ್ಟಿ ಕಟ್ಟಿ ಕೈಯನ್ನು ಒಳಗೆ ಹಾಕಬೇಕು, ಒಳಗೇ ಬಿಚ್ಚಿ, ಬಿಚ್ಚಿದ ಕೈ ಹೊರಗೆ ತೆಗೆಯಬೇಕು. ಮನೆಯಿಂದ ಅಕ್ಕಿ ತಂದವರು ಹಾಕಿದರು. ತರಲು ಆಗದವರೂ ಮುಷ್ಟಿ ಕಟ್ಟಿ ಕೈ ಹಾಕಿದರು. ಯಾರ ಮುಷ್ಟಿಯಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕೈ ಹಾಕುವುದು ಎಲ್ಲರಿಗೂ ಕಡ್ಡಾಯ, ಅಕ್ಕಿ ಕಡ್ಡಾಯ ಅಲ್ಲ" ಅಂತ ಅವರೇ ಮೊದಲ ದಿನ ಹೇಳಿದ್ದರು, ಆಮೇಲೆ ಮತ್ತೆ ಯಾವತ್ತೂ ಹೇಳಲಿಲ್ಲ.

ಮಧ್ಯಾಹ್ನ ಅದೇ ಅಕ್ಕಿಯ ಗಂಜಿ. ಅಡುಗೆ ಮಾಡುತ್ತಿದ್ದ ಬಾಯಿಯಮ್ಮನಿಗೆ ಒಂದೇ ತಕರಾರು. ಕೆಲವರು ಕುಚ್ಚಲಕ್ಕಿ ತರುತ್ತಾರೆ, ಕೆಲವರು ಬೆಳ್ತಿಗೆ (ಬಿಳಿ ಅಕ್ಕಿ) ತರುತ್ತಾರೆ, ಎರಡೂ ಡಬ್ಬದಲ್ಲಿ ಸೇರಿ ಹೋಗಿರುತ್ತದೆ, ಕುಚ್ಚಲು ಬೇಯುವಷ್ಟರಲ್ಲಿ ಬೆಳ್ತಿಗೆ ಪೂರಾ ಕರಗಿ ಹೋಗುತ್ತದೆ. ಬೇರೆ ಬೇರೆ ಡಬ್ಬ ಇಡಿ ಸಿಸ್ಟರ್ ಅಂತ ಅವರು ಎಷ್ಟು ಹೇಳಿದರೂ ಸಿಸ್ಟರ್ ಒಪ್ಪಲಿಲ್ಲ. ಎರಡು ಡಬ್ಬ ಇಟ್ಟರೆ ಯಾವ ಮನೆಯಲ್ಲಿ ಯಾವ ಅಕ್ಕಿ ಅಂತ ಮಕ್ಕಳು ನೋಡಲು ಶುರು ಮಾಡುತ್ತಾರೆ ಅನ್ನುವುದು ಅವರ ಯೋಚನೆ. ಕರಗಿದ ಬೆಳ್ತಿಗೆಯಿಂದ ಆ ಗಂಜಿ ದಪ್ಪಗಾಗಿ, ಮಧ್ಯೆ ಕೆಂಪು ಅಗುಳು ಗಟ್ಟಿಯಾಗಿ ಸಿಗುತ್ತಿತ್ತು. ಜೊತೆಗೆ ಒಣಮೆಣಸು ಸುಟ್ಟು ಅರೆದ ತೆಂಗಿನಕಾಯಿ ಚಟ್ನಿ. ಮೀನು ತಿನ್ನದ ಮನೆಯ ಮಕ್ಕಳೂ ಇದ್ದರು, ಅದಕ್ಕೆ ಒಣಮೀನು ಆ ಅಡುಗೆಮನೆಗೆ ಬರಲೇ ಇಲ್ಲ, ಮೀನಿಲ್ಲದೆ ಊಟ ಸೇರದ ನಮ್ಮಂಥವರು ಎಷ್ಟು ಗೋಗರೆದರೂ ಬರಲಿಲ್ಲ. ಬುತ್ತಿ ತಂದವರು, ತರದವರು ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಸಿಸ್ಟರ್ ಕೂಡಾ ಅದೇ ಗಂಜಿ, ಅದೇ ನೆಲ.

ನನಗೆ ಈಗ ಇಷ್ಟು ವಯಸ್ಸಾದ ಮೇಲೆ ಅನ್ನಿಸುವುದು ಏನೆಂದರೆ, ದೇವರು ಎಲ್ಲರನ್ನೂ ಪ್ರೀತಿಸುತ್ತಾರೆ ಅಂತ ಹೇಳುವುದು ಬಹಳ ಸುಲಭ, ನಾವೆಲ್ಲರೂ ಹೇಳುತ್ತೇವೆ, ಗೋಡೆಯ ಮೇಲೂ ಬರೆಯುತ್ತೇವೆ. ಆ ಪ್ರೀತಿಯನ್ನು ಇನ್ನೊಬ್ಬರಿಗೆ ತಲುಪಿಸುವಾಗ ಅವರ ತಲೆ ತಗ್ಗದ ಹಾಗೆ ನೋಡಿಕೊಳ್ಳುವುದು ಕಷ್ಟ. ಸಿಸ್ಟರ್ ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದು ಅದಕ್ಕೇ. ತಂದೆಯಾದ ದೇವರು ಒಳ್ಳೆಯವರು ಕೆಟ್ಟವರು ಅಂತ ನೋಡದೆ ಎಲ್ಲರ ಮೇಲೂ ಸೂರ್ಯ ಹುಟ್ಟಿಸುತ್ತಾರೆ, ಮಳೆ ಕೊಡುತ್ತಾರೆ ಅಂತ ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ ಹೇಳುತ್ತಾರೆ. ನಮ್ಮ ಊರಿನ ಮಳೆ ಕಂಡವರಿಗೆ ಅದು ಅರ್ಥವಾಗದೆ ಇರುತ್ತದಾ? ಯಾರ ಗದ್ದೆ ಅಂತ ಕೇಳಿಕೊಂಡು ಅದು ಸುರಿಯುವುದಿಲ್ಲ.

ಹೈಸ್ಕೂಲಿಗೆ ಬಂದ ಮೇಲೆ ಒಮ್ಮೆ ನಮ್ಮನ್ನು ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಕುಷ್ಠರೋಗ ಬಂದು ಅಲ್ಲೇ ಉಳಿದವರನ್ನು ಕಾಣಲು. ಬಸ್ಸಿನಲ್ಲಿ ಸಿಸ್ಟರ್ ಫಾದರ್ ಆಗಸ್ಟಸ್ ಮುಲ್ಲರ್ ಕತೆ ಹೇಳಿದರು. ಜರ್ಮನಿ ಮೂಲದ ಯೇಸು ಸಭೆಯ (ಜೆಸ್ವಿಟ್) ಗುರು. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು, ಮನೆಯವರೇ ಹೊರಗೆ ಹಾಕಿದ್ದ ಕುಷ್ಠರೋಗಿಗಳಿಗಾಗಿ 1890ರಲ್ಲಿ ಜಾಗ ಮಾಡಿದರು, ಪ್ಲೇಗು ಬಂದಾಗ 1902ರಲ್ಲಿ ಅದಕ್ಕೂ ಆಸ್ಪತ್ರೆ ತೆರೆದರು. ಆ ದಿನ ನಾವು ಬಾಳೆಹಣ್ಣು ಕೊಡಬೇಕಿತ್ತು. ಮುಟ್ಟಿದರೆ ಏನಾದರೂ ಆಗುತ್ತದಾ ಅನ್ನುವ ಹೆದರಿಕೆ ನಮ್ಮ ಮುಖದಲ್ಲಿ ಕಂಡಿರಬೇಕು. ಸಿಸ್ಟರ್ ಮೊದಲು ಹೋಗಿ ಒಬ್ಬ ಅಜ್ಜನ ಮಂಚದ ಮೇಲೆ ಕೂತರು. ಅಜ್ಜನಿಗೆ ಬೆರಳು ಸರಿ ಇರಲಿಲ್ಲ. ಅವರು ಎರಡು ಅಂಗೈ ಮಧ್ಯೆ ಹಣ್ಣು ಹಿಡಿದು, ಹಲ್ಲಿನಿಂದ ಸಿಪ್ಪೆ ಎಳೆದು, ಅರ್ಧ ಮುರಿದು ಸಿಸ್ಟರಿಗೇ ಕೊಟ್ಟರು. ಸಿಸ್ಟರ್ ತಿಂದರು. ನಾವೆಲ್ಲ ಆಮೇಲೆ ಒಬ್ಬೊಬ್ಬರಾಗಿ ಹತ್ತಿರ ಹೋದೆವು.

ವಾಪಸ್ ಬರುವಾಗ ಹತ್ತು ಮಂದಿ ಕುಷ್ಠರೋಗಿಗಳ ಕತೆ ಬಂತು. ಯೇಸುಸ್ವಾಮಿ ಹತ್ತೂ ಮಂದಿಯನ್ನು ಗುಣಪಡಿಸಿದರು, ತಿರುಗಿ ಬಂದು ಕೃತಜ್ಞತೆ ಹೇಳಿದ್ದು ಒಬ್ಬನೇ, ಅವನೂ ಸಮಾರ್ಯದವನು, ಅವರ ಜನಕ್ಕೆ ಆಗದವನು. ಈ ಕತೆಯನ್ನು ಎಲ್ಲರೂ ಕೃತಜ್ಞತೆಯ ಪಾಠಕ್ಕೆ ಹೇಳುತ್ತಾರೆ. ಸಿಸ್ಟರ್ ಕೇಳಿದ್ದು ಬೇರೆ. ಬಾರದೆ ಹೋದ ಒಂಬತ್ತು ಮಂದಿಗೆ ರೋಗ ವಾಪಸ್ ಬಂತಾ? ಬರಲಿಲ್ಲ. ಕೊಟ್ಟದ್ದು ಕೊಟ್ಟದ್ದೇ. ಸಿಸ್ಟರ್ ನಮ್ಮ ಶಾಲೆಯ ಒಂದು ಮಗುವಿನ ಹತ್ತಿರವೂ ಗಂಜಿಗೆ ಬದಲು ಏನನ್ನೂ ಕೇಳಲಿಲ್ಲ, ಇಗರ್ಜಿಗೆ ಬಾ ಅಂತ ಕೂಡಾ ಹೇಳಲಿಲ್ಲ. ನಂಬಿಕೆ ಕಡಿಮೆ ಇದ್ದ ಕಾರಣಕ್ಕಲ್ಲ. ಬೆಳಿಗ್ಗೆ ನಾವು ಬರುವ ಮೊದಲೇ ಚಾಪೆಲಿನಲ್ಲಿ ಮೊಣಕಾಲೂರಿ ಕೂತಿರುತ್ತಿದ್ದವರು ಅವರು. ತಮಗೆ ದೇವರಿಂದ ಬಿಟ್ಟಿಯಾಗಿ ಸಿಕ್ಕಿದ್ದನ್ನು ಬಿಟ್ಟಿಯಾಗಿಯೇ ಕೊಡಬೇಕು ಅಂತ ಅವರು ನಂಬಿದ್ದರು. ನನಗೆ ಕ್ರೈಸ್ತ ಧರ್ಮ ಅಂದರೆ ಮೊದಲು ಕಣ್ಣಿಗೆ ಬರುವುದು ಆ ಬಾಳೆಹಣ್ಣಿನ ಅರ್ಧ ಭಾಗ.

ಆಮೇಲೆ ನಾನು ಕೆಲಸಕ್ಕೆ ಅಂತ ಕುವೈತಿಗೆ ಹೋದೆ. ಅಲ್ಲಿಯೂ ಸೆಪ್ಟೆಂಬರಿನಲ್ಲಿ ಊರಿಂದ ಬರುವವರ ಕೈಯಲ್ಲಿ ತೆನೆ ಬರುತ್ತದೆ, ನಮ್ಮವರೆಲ್ಲ ಸೇರಿ ಹಬ್ಬ ಮಾಡುತ್ತೇವೆ. ರೂಮಿನಲ್ಲಿ ಜೊತೆಗಿದ್ದ ಆಂಧ್ರದವನಿಗೆ, ಕೇರಳದವನಿಗೆ, ಕೆಳಗಿನ ಮಹಡಿಯ ಬಾಂಗ್ಲಾದೇಶದವನಿಗೆ ಪಾಯಸ ಕೊಡದೆ ನನಗೆ ಊಟ ಇಳಿಯುವುದಿಲ್ಲ. ಅದು ನನ್ನ ದೊಡ್ಡ ಗುಣ ಅಲ್ಲ, ಶಾಲೆ ಕಲಿಸಿದ ಅಭ್ಯಾಸ. ಈಚೆಗೆ ಒಂದು ಕಿಟ್ ಕೊಡಬೇಕಾದರೂ ತೆಗೆದುಕೊಳ್ಳುವವರನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದನ್ನು ಕಾಣುವಾಗ ಹೊಟ್ಟೆ ಉರಿಯುತ್ತದೆ. ಕೊಡುವ ಮನಸ್ಸು ಒಳ್ಳೆಯದೇ, ಆದರೆ ಕಿಟ್ ತೆಗೆದುಕೊಂಡ ಅಮ್ಮನ ಮಗ ನಾಳೆ ಅದೇ ಫೋಟೋವನ್ನು ಶಾಲೆಯಲ್ಲಿ ಗೆಳೆಯರ ಮೊಬೈಲಿನಲ್ಲಿ ಕಾಣಬೇಕಲ್ಲ.

ಈಗ ಶಾಲೆಯಲ್ಲಿ ಬಿಸಿಯೂಟ ಬರುತ್ತದೆ, ಗಂಜಿಯ ಅಗತ್ಯ ಇಲ್ಲ. ಬಸ್ ಪಾಸು, ಸಮವಸ್ತ್ರ, ಹತ್ತನೇ ತರಗತಿ ಆದ ಮೇಲಿನ ಕಾಲೇಜು ಫೀಸು, ಕನ್ನಡಕ, ಇಂಥ ಅಗತ್ಯಗಳು ಇವೆ. ಹಾಗಾಗಿ ನಮ್ಮ ಬ್ಯಾಚಿನವರು ಕೆಲವರು ಸೇರಿ ಒಂದು ನಿಧಿ ಮಾಡಿದ್ದೇವೆ. ಅದರ ಲೆಕ್ಕ ಬರೆಯುತ್ತಿರುವುದು ನಮ್ಮ ತರಗತಿಯ ಮುಸ್ಲಿಂ ಗೆಳೆಯ, ದಿನಸಿ ಅಂಗಡಿ ಇಟ್ಟುಕೊಂಡು ಲೆಕ್ಕದಲ್ಲಿ ನಮಗಿಂತ ಎಷ್ಟೋ ಗಟ್ಟಿಯಾದವನು. ಯಾರು ಎಷ್ಟು ಹಾಕಿದರು ಅನ್ನುವ ಪಟ್ಟಿ ಎಲ್ಲೂ ಹಾಕುವುದಿಲ್ಲ, ಯಾರಿಗೆ ಹೋಯಿತು ಅನ್ನುವುದು ಕ್ಲಾಸ್ ಟೀಚರಿಗೆ ಬಿಟ್ಟು ನಮಗೂ ಗೊತ್ತಾಗುವುದಿಲ್ಲ. ಹಳೆ ವಿದ್ಯಾರ್ಥಿಗಳ ಹೆಸರಿನ ಕಲ್ಲು ಹಾಕೋಣ ಅಂತ ಒಬ್ಬರು ಸಲಹೆ ಕೊಟ್ಟರು, ಬೇಡ ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿದೆವು. ಸೇರಬೇಕು ಅನ್ನಿಸಿದವರು ಶಾಲೆಯ ಆಫೀಸಿನಲ್ಲಿ ವಿಚಾರಿಸಿ. ಹೊಸ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು, ಮೇ ತಿಂಗಳಲ್ಲೇ ಕೊಟ್ಟರೆ ಒಳ್ಳೆಯದು. ಜೂನಿನಲ್ಲಿ ಕೊಡೆ ಮತ್ತು ಚಪ್ಪಲಿ ಮೊದಲು ಬೇಕಾಗುತ್ತದೆ.