‘ಅದೂ ಒಂದು ಹಳ್ಳಿನಾ?’ ಅಂತ ಕೇಳುವವರಿಗೆ

ಕೆಲಸ ಲಂಡನ್‌ನಲ್ಲಿ, ಮನೆ ಹ್ಯಾಡ್ನಮ್ ಅನ್ನೋ ಹಳ್ಳಿಯಲ್ಲಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅದು ನಿಜವಾದ ಹಳ್ಳಿನಾ, ಇಲ್ಲ ರಾತ್ರಿ ಮಲಗೋಕೆ ಹೋಗೋ ಜಾಗನಾ?" ಹೇಳಿ ಹೇಳಿ ಸಾಕಾಗಿದೆ. ಹಳ್ಳಿಯೇ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿದೆ. 2011ರ ಜನಗಣತಿಯಲ್ಲಿ ಸುಮಾರು 4,500 ಜನ ಇದ್ದರು.

ಒಮ್ಮೆ ಚಿಕ್ಕಪ್ಪ ಬಂದಿದ್ದರು. ಸ್ಟೇಷನ್ನಿಂದ ನಡೆದು ಬರುವಾಗಲೇ ಶುರು ಮಾಡಿದರು. "ದನ ಎಲ್ಲೋ? ಹೊಲ ಎಲ್ಲೋ? ಮನೆಮುಂದೆಲ್ಲ ಕಾರೇ ನಿಂತಿವೆ. ಇದ್ಯಾವ ಸೀಮೆ ಹಳ್ಳಿ?" ನನಗೆ ರೇಗಿತು. ಮನೆಗೆ ಹೋಗುವ ಬದಲು ನೇರ ಚರ್ಚ್ ಎಂಡ್‌ಗೆ ಕರೆದುಕೊಂಡು ಹೋದೆ. ಸೇಂಟ್ ಮೇರಿ ಚರ್ಚು, ಅದರ ಮುಂದೆ ಹುಲ್ಲಿನ ಬಯಲು, ಬಾತುಕೋಳಿ ಕೊಳ. ಐಲ್ಸ್‌ಬರಿ ತಳಿಯ ಬಿಳಿ ಬಾತುಗಳನ್ನು ಈ ಊರಿನವರು ಸಾಕುತ್ತಿದ್ದರು, ಅವು ಲಂಡನ್ನಿನ ಊಟದ ಮೇಜಿಗೆ ಹೋಗುತ್ತಿದ್ದವು. ಲಂಡನ್ ನಂಟು ನಮ್ಮಂಥವರಿಂದ ಶುರುವಾದದ್ದಲ್ಲ.

ಆಮೇಲೆ ಗೋಡೆ ತೋರಿಸಿದೆ. ಇಲ್ಲಿನ ಎಷ್ಟೋ ಹಳೆ ಮನೆ, ಕಾಂಪೌಂಡುಗಳು ವಿಚರ್ಟ್‌ನವು. ಈ ಸುತ್ತಮುತ್ತ ಮಾತ್ರ ಸಿಗುವ, ಸುಣ್ಣಕಲ್ಲು ಬೆರೆತ ಬಿಳಿ ಜೇಡಿಮಣ್ಣದು. ಹುಲ್ಲು ಸೇರಿಸಿ ತುಳಿದು, ಕಲ್ಲಿನ ತಳಪಾಯದ ಮೇಲೆ ಒಂದೊಂದೇ ವರಸೆ ಏರಿಸುತ್ತಾರೆ. ಒಂದು ಒಣಗಿದ ಮೇಲೇ ಇನ್ನೊಂದು. ಮಳೆ ಇಳಿಯದಂತೆ ನೆತ್ತಿಗೆ ಹೆಂಚು. ಚಿಕ್ಕಪ್ಪ ಗೋಡೆ ತಡವಿ, "ಸಿಮೆಂಟ್ ಬಳಿದರೆ ಕೆಡುತ್ತಲ್ವಾ?" ಅಂದರು. ಕೆಡುತ್ತೆ. ತೇವ ಒಳಗೇ ಉಳಿದು ಮಣ್ಣು ಕುಸಿಯುತ್ತೆ, ಸುಣ್ಣದ ಗಾರೆಯೇ ಬೇಕು. ಮಣ್ಣಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಒಂದು ಪ್ರಶ್ನೆಗೆ ನನ್ನ ಸಿಟ್ಟೆಲ್ಲ ಇಳಿಯಿತು.

ರೈಲು ಬಂದು ಹಳ್ಳಿ ಕೆಡಿಸಿತು ಅನ್ನುವವರೂ ಇದ್ದಾರೆ. ಇಲ್ಲಿ 1906ರಲ್ಲಿ ಸ್ಟೇಷನ್ ಆಯಿತು, 1963ರಲ್ಲಿ ಮುಚ್ಚಿದರು. 1987ರಲ್ಲಿ ಪಕ್ಕದ ಪೇಟೆಯ ಹೆಸರನ್ನೂ ಸೇರಿಸಿ ಹ್ಯಾಡ್ನಮ್ ಅಂಡ್ ಥೇಮ್ ಪಾರ್ಕ್‌ವೇ ಅಂತ ಹೊಸದು ಕಟ್ಟಿದರು. ಆಗ ಉಳಿದಿದ್ದದ್ದು ಒಂದೇ ಹಳಿ, ಒಂದೇ ಪ್ಲಾಟ್‌ಫಾರಂ. 1998ರಲ್ಲಿ ಎರಡನೇ ಹಳಿ ಮತ್ತೆ ಬಂತು. ಈಗ ಲಂಡನ್ನಿನ ಮ್ಯಾರಿಲ್‌ಬೋನ್ ಸ್ಟೇಷನ್‌ಗೆ ಮುಕ್ಕಾಲು ಗಂಟೆ ಆಸುಪಾಸು. ಸ್ಟೇಷನ್ ಇಲ್ಲದ ಆ ಇಪ್ಪತ್ತನಾಲ್ಕು ವರ್ಷ ಊರಿಗೆ ಒಳ್ಳೆಯದಾಯಿತು ಅಂತ ನನಗಂತೂ ಅನಿಸುವುದಿಲ್ಲ. ಕಾರಿಲ್ಲದವರು ಎಲ್ಲಿಗೆ ಹೋಗಬೇಕಿತ್ತು?

ಹಳ್ಳಿ ಹೌದೋ ಅಲ್ಲವೋ ಅನ್ನುವುದು ಬಿಡಿ. ಇಲ್ಲಿ ಯಾರಿಗೆ ಮನೆ ಸಿಗುವುದಿಲ್ಲ? ಅದನ್ನು ಯಾಕೆ ಯಾರೂ ಕೇಳುವುದಿಲ್ಲ?

ಲಂಡನ್ ಸುತ್ತ ಗ್ರೀನ್ ಬೆಲ್ಟ್ ಇದೆ, ಅಂದರೆ ನಗರ ಹರಡದಂತೆ ಖಾಲಿ ಉಳಿಸಿಕೊಂಡ ಜಾಗ. ಅಲ್ಲಿ ಹೊಸ ಮನೆ ಕಟ್ಟಲು ಸುಲಭಕ್ಕೆ ಅನುಮತಿ ಸಿಗುವುದಿಲ್ಲ. ಹ್ಯಾಡ್ನಮ್ ಅದರ ಆಚೆಗಿದೆ, ಜೊತೆಗೆ ಸ್ಟೇಷನ್ ಇದೆ. ಬಿಲ್ಡರ್‌ಗಳು ಇನ್ನೆಲ್ಲಿಗೆ ಹೋದಾರು? ಎರಡನೇ ಮಹಾಯುದ್ಧದಲ್ಲಿ ಗ್ಲೈಡರ್ ಪೈಲಟ್‌ಗಳಿಗೆ ತರಬೇತಿ ಕೊಟ್ಟ ಏರ್‌ಫೀಲ್ಡ್‌ನ ಜಾಗದಲ್ಲೂ ಮನೆ ಎದ್ದಿವೆ. ಮನೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಲೆ ಕಟ್ಟುವುದು ಲಂಡನ್ ಸಂಬಳ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವಳು, ಅಂಗಡಿಯ ಹುಡುಗ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಆ ಸಂಬಳದ ಎದುರು ನಿಲ್ಲುವುದು ಹೇಗೆ? ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟ 1980ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡ್ ತುಂಬ ಕೌನ್ಸಿಲ್ ಮನೆಗಳು, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟಿದ್ದ ಮನೆಗಳು, ಬಾಡಿಗೆದಾರರಿಗೇ ಮಾರಾಟವಾದವು. ಕೊಂಡವರಿಗೆ ಒಳ್ಳೆಯದೇ ಆಯಿತು, ಆದರೆ ಹೋದಷ್ಟು ಮನೆ ಮತ್ತೆ ಕಟ್ಟಲಿಲ್ಲ. ಈಗ ‘ಕೈಗೆಟುಕುವ ಬಾಡಿಗೆ’ ಅಂದರೆ ಮಾರುಕಟ್ಟೆ ದರದ ಶೇ. 80ರವರೆಗೂ ಹೋಗಬಹುದು. ದುಬಾರಿ ಊರಿನಲ್ಲಿ ಶೇ. 80 ಕೂಡ ದುಬಾರಿಯೇ ಅಲ್ವಾ?

ಹೊಸ ಲೇಔಟ್‌ಗೆ ಅರ್ಜಿ ಬಂದಾಗಲೆಲ್ಲ ಊರಲ್ಲಿ ಟ್ರಾಫಿಕ್ ಬಗ್ಗೆ, ನೋಟ ಕೆಡುವ ಬಗ್ಗೆ ಜಾಸ್ತಿ ಮಾತು. ನಾನು ಪತ್ರ ಬರೆಯುವುದು ಬೇರೆ ವಿಷಯಕ್ಕೆ: ಇದರಲ್ಲಿ ಕೌನ್ಸಿಲ್ ಬಾಡಿಗೆಯ ಮನೆ ಎಷ್ಟು, ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಇರುವುದು ಎಷ್ಟು, ಇಲ್ಲಿ ದುಡಿಯುವವರಿಗೆ ಮೊದಲ ಅವಕಾಶ ಇದೆಯೋ ಇಲ್ಲವೋ. ಮುಂದಿನ ಸಲ ಸಿಕ್ಕಾಗ ಇದನ್ನು ಕೇಳಿ, ಕೂತು ಮಾತಾಡೋಣ.