ಮೂರನೇ ಆರ್ಡರ್

ವಿಜಯಪುರದ ಏಪ್ರಿಲ್ಲಿನಲ್ಲಿ ಡಾರ್ಕ್ ರೂಮ್ ಅಂದರೆ ಒಲೆಯೇ. ಕಿಟಕಿಗೆಲ್ಲ ಕರಿ ಅರಿವೆ. ಸೋಡಿಯಂ ದೀಪ ಮೊದಲು ಗುಲಾಬಿಗೆಂಪಗೆ ಮಿನುಗಿ, ಪುರಸತ್ತಾಗಿ ಅರಿಶಿಣಕ್ಕೆ ತಿರುಗುತ್ತದೆ. ಆ ಬೆಳಕಿನಲ್ಲಿ ಎಲ್ಲರೂ ಕಾಮಾಲೆ ಆದವರ ಹಾಗೆ ಕಾಣುತ್ತಾರೆ.

ಅವತ್ತು ಬಿ.ಎಸ್ಸಿ.ಯವರಿಗೆ ಗ್ರೇಟಿಂಗ್ ಪ್ರಯೋಗ: ಒತ್ತೊತ್ತಾಗಿ ಗೆರೆ ಕೊರೆದ ಫಲಕದಿಂದ ಬೆಳಕಿನ ಬಣ್ಣಗಳನ್ನು ಬಿಡಿಸಿ ಕೋನ ಅಳೆಯುವುದು. ನೇರ ಬೆಳಕಿನ ಆಚೀಚೆ ಆ ಬಣ್ಣಗಳು ಮತ್ತೆ ಮತ್ತೆ ಮೂಡುವ ಸರದಿಗೆ ಆರ್ಡರ್ ಅನ್ನುತ್ತೇವೆ. ಸೋಡಿಯಂ ಬೆಳಕಿನ, 589.0 ಮತ್ತು 589.6 ನ್ಯಾನೋಮೀಟರ್ ತರಂಗಾಂತರದ ಎರಡು ಗೆರೆ ಮೊದಲ ಆರ್ಡರಿನಲ್ಲಿ ಅಂಟಿಕೊಂಡಂತಿದ್ದು, ಎರಡನೆಯದರಲ್ಲಿ ಬಿಡಿಸಿಕೊಂಡು ನಿಲ್ಲುತ್ತವೆ. ಹಳೇ ಕೋಷ್ಟಕದಲ್ಲಿ ಮೂರನೇ ಆರ್ಡರಿಗೂ ಒಂದು ಸಾಲಿತ್ತು. ಆರು ಮಂದಿ ಅದನ್ನೂ ತುಂಬಿದ್ದರು. ಒಬ್ಬ ಹುಡುಗಿ ಮಾತ್ರ ‘ಕಾಣಲಿಲ್ಲ’ ಎಂದು ಬರೆದಿದ್ದಳು.

“ಎಲ್ಲಾರಿಗೂ ಕಂಡೈತಿ, ನಿನಗಷ್ಟ ಯಾಕ ಕಾಣವಲ್ದು ತಂಗಿ?” ಎಂದು ಕೆಂಪು ಪೆನ್ನಿನಿಂದ ಗೀಟು ಎಳೆದೇಬಿಟ್ಟೆ.

“ಅದು ಇರೂದ ಇಲ್ರೀ ಸರ್. ಈ ಗ್ರೇಟಿಂಗ್‌ನ್ಯಾಗ ಇಂಚಿಗೆ 15,000 ಗೆರಿ ಅದಾವ. ಮೂರನೇದಕ್ಕ ಸೈನ್ ಬೆಲೆ ಒಂದಕ್ಕಿಂತ ಜಾಸ್ತಿ ಬರ್ತೈತಿ.”

ಹೌದಲ್ಲ! ಗ್ರೇಟಿಂಗ್ ಮೇಲೆ ಕೊರೆದ ಗೆರೆಗಳ ನಡುವಿನ ಅಂತರ ಸುಮಾರು 1693 ನ್ಯಾನೋಮೀಟರ್; 589ರ ಮೂರು ಪಟ್ಟು 1767. ಇದನ್ನು ಆ ಅಂತರದಿಂದ ಭಾಗಿಸಿದರೆ ಬರುವುದೇ ಕೋನದ ಸೈನ್, ಅದು ಒಂದನ್ನು ದಾಟುವಂತಿಲ್ಲ. ಅಂಥ ಕೋನವೇ ಇಲ್ಲ. ಇಲ್ಲದ ಗೆರೆಯನ್ನು ಆರು ಮಂದಿ ಡಿಗ್ರಿ, ಮಿನಿಟು ಸಮೇತ ಅಳೆದಿದ್ದರು. ನಾನು ರೈಟ್ ಹಾಕಿದ್ದೆ.

ಆ ಮುಜುಗರದಲ್ಲೇ, ಏನೂ ಕಾಣದಿರುವುದೇ ಉತ್ತರವಾದ ಇನ್ನೊಂದು ಪ್ರಯೋಗದ, ಅಮೆರಿಕದ ಬರ್ಕ್‌ಲಿಯ ಬೇರಿಯಂ ಪ್ರಯೋಗದ ಕಥೆ ತೆಗೆದೆ. ಪಟಾಕಿಯ ಹಸಿರು ಕಿಡಿಗೆ ಹಾಕುವ ಅದೇ ಬೇರಿಯಂ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಎಣಿಸುವ ಹೊಸ ಲೆಕ್ಕ ಕೊಟ್ಟರು: ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟರೂ ಗುರುತು ಹತ್ತುವುದಿಲ್ಲ. ಅದು ನಿಜವಾದರೆ, ಒಂದೇ ಬಣ್ಣದ ಎರಡು ಫೋಟಾನ್ ಎದುರುಬದುರು ಬಂದು, ಕೋನೀಯ ಸಂವೇಗ (ತಿರುಗುವಿಕೆಯ ಅಳತೆ) ಸೊನ್ನೆ ಇರುವ ಪರಮಾಣುವನ್ನು, ಅದು ಒಂದು ಇರುವ ಶಕ್ತಿಮಟ್ಟಕ್ಕೆ ಎತ್ತಲಾರವು. ಎತ್ತಿದರೆ ಬೋಸರ ಲೆಕ್ಕದಲ್ಲೇ ಬಿರುಕು. ಬರ್ಕ್‌ಲಿಯವರು ಲೇಸರ್ ಹಾಯಿಸಿ ಕಾದರು. ಬೇರಿಯಂ ಅಲುಗಲಿಲ್ಲ. ಅಲುಗುವುದಿದ್ದರೂ, ಅನುಮತಿ ಇರುವ ಜಿಗಿತದ ಎದುರು ಹತ್ತು ಸಾವಿರ ಕೋಟಿಗೆ ನಾಲ್ಕಕ್ಕಿಂತ ಕಡಿಮೆ ಎಂದು 2010ರಲ್ಲಿ ಪ್ರಕಟಿಸಿದರು.

“ಲೇಸರ್ ಸರಿಯಾಗಿ ಬಿದ್ದಿರಲಿಕ್ಕಿಲ್ಲಲ್ರೀ?” ಅಂದಳು.

ಕೇಳಬೇಕಾದ ಪ್ರಶ್ನೆಯೇ. 1999ರ ಮೊದಲ ಪ್ರಯೋಗದಲ್ಲಿ ಎರಡು ಲೇಸರಿನ ಬಣ್ಣವನ್ನು ತುಸು ಬೇರೆ ಮಾಡಿ ನೋಡಿದ್ದರು. ಆಗ ಬೇರಿಯಂ ಜಿಗಿದಿತ್ತು. ಒಂದೇ ಬಣ್ಣ ಮಾಡಿದರೆ ಮತ್ತೆ ಗಪ್‌ಚಿಪ್. ಇವಳ ಕೋಷ್ಟಕದಲ್ಲೂ ಎರಡನೇ ಆರ್ಡರಿನ ಗೆರೆಗಳೆರಡೂ ಬಿಡಿಬಿಡಿಯಾಗಿ ಇದ್ದವು, ಅಂದಮೇಲೆ ಉಪಕರಣದ ಕಡೆ ಬೆರಳು ತೋರಿಸುವ ಹಾಗಿಲ್ಲ.

ನಾನೆಳೆದ ಕೆಂಪು ಗೀಟನ್ನೇ ರದ್ದು ಮಾಡಿ, ಅವಳ ರೆಕಾರ್ಡಿಗೆ ಸಹಿ ಹಾಕಿದೆ. ಉಳಿದ ಆರು ರೆಕಾರ್ಡ್ ನನ್ನ ಟೇಬಲ್ ಮೇಲೇ ಇವೆ. ವಾರವಾಯಿತು, ಒಬ್ಬರೂ ಸ್ಟಾಫ್ ರೂಮಿನ ಕಡೆ ಹಾಯ್ದಿಲ್ಲ.