ನೈಜೆರಿಸಿನ್ ಅಂಟು

ಇವತ್ತು ಕಣ್ಣಿಗೆ ಬಿದ್ದ ಒಂದು ಗ್ರಾಫ್. ಬಿಸಿಇಸಿಎಫ್ ಅನ್ನೋ, ಪಿಎಚ್‌ಗೆ ತಕ್ಕಂತೆ ಹೊಳಪು ಬದಲಿಸೋ ಬಣ್ಣ ತುಂಬಿದ ಜೀವಕೋಶಗಳು. ಏನೂ ಹಾಕೋ ಮೊದಲೇ ಪಿಎಚ್ 6.7, ಇನ್ನೂ ಇಳೀತಾನೇ ಇದೆ. 7.2ರ ಆಸುಪಾಸು ಇರಬೇಕಾದದ್ದು.

ಇಂಥದ್ದು ಕಂಡರೆ ಎಲ್ಲರೂ ಮೊದಲು ಬೈಯೋದು ಬಣ್ಣವನ್ನ. ನನ್ನ ಅನುಮಾನ ಮಾತ್ರ ಕೋಶಗಳಿಗೆ ದ್ರಾವಣ ಹರಿಸೋ ಪೈಪಿನ ಮೇಲೆ.

ಕ್ಯಾಲಿಬ್ರೇಶನ್‌ಗೆ (ಯಾವ ಹೊಳಪು ಅಂದ್ರೆ ಎಷ್ಟು ಪಿಎಚ್ ಅಂತ ಗೊತ್ತುಮಾಡೋದು) 10 ಮೈಕ್ರೋಮೋಲಾರ್ ನೈಜೆರಿಸಿನ್ ಹಾಕ್ತೀವಲ್ಲ, ಅದು ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಒಂದು ಕಡೆ, ಪ್ರೋಟಾನ್ ಇನ್ನೊಂದು ಕಡೆ ಅದಲು ಬದಲು ಮಾಡುತ್ತೆ. ಹೊರಗೂ 140 ಮಿಲಿಮೋಲಾರ್ ಪೊಟ್ಯಾಸಿಯಂ ಇದ್ದಾಗ ಒಳಗಿನ ಪಿಎಚ್ ಹೊರಗಿನದಕ್ಕೆ ಸಮ ಆಗುತ್ತೆ, ಅಳತೆ ಸಿಗುತ್ತೆ. ಆದರೆ ಎಣ್ಣೆ ಜಾತಿಯ ಅಣು ಅದು. ಸಿಲಿಕೋನ್ ಪೈಪಿಗೆ ಅಂಟಿದರೆ ಬರೀ ಬಫರ್‌ನಲ್ಲಿ ತೊಳೆದರೆ ಪೂರ್ತಿ ಹೋಗಲ್ಲ. ಮರುದಿನ ಸಾಮಾನ್ಯ ದ್ರಾವಣ ಹರಿಸಿದಾಗ (ಪೊಟ್ಯಾಸಿಯಂ ಬರೀ 5 ಮಿಲಿಮೋಲಾರ್) ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುತ್ತೆ. ಪೊಟ್ಯಾಸಿಯಂ ಹೊರಗೆ, ಪ್ರೋಟಾನ್ ಒಳಗೆ. ಕೋಶ ಹುಳಿಯಾಗುತ್ತೆ.

ಎಥನಾಲ್‌ನಲ್ಲಿ ತೊಳೆದರೆ ಕಮ್ಮಿಯಾಗುತ್ತೆ, ಪೂರ್ತಿ ಹೋಯ್ತು ಅಂತ ನಂಬೋ ಹಾಗಿಲ್ಲ. ಕ್ಯಾಲಿಬ್ರೇಶನ್‌ಗೆ ಪೈಪು, ಚೇಂಬರ್ ಬೇರೆಯೇ ಇಡೋದು ವಾಸಿ.

490 ಮತ್ತು 440 ನ್ಯಾನೋಮೀಟರ್‌ ಬೆಳಕು ಬಿಟ್ಟಾಗ ಬಣ್ಣ ಕೊಡೋ ಹೊಳಪಿನ ಅನುಪಾತ ಇದನ್ನ ಹಿಡಿಯಲ್ಲ ನೋಡಿ. ಬಣ್ಣ ಎಷ್ಟು ತುಂಬಿದೆ, ಕೋಶ ಎಷ್ಟು ದಪ್ಪ ಅನ್ನೋ ವ್ಯತ್ಯಾಸವನ್ನ ಅದು ಅಳಿಸಿಹಾಕುತ್ತೆ, ಅಷ್ಟೇ. ಇಲ್ಲಿ ಬಣ್ಣ ಸತ್ಯವನ್ನೇ ಹೇಳ್ತಿದೆ, ಕೋಶ ನಿಜವಾಗಲೂ ಆಮ್ಲೀಯ ಆಗಿದೆ.

ಅಂದಹಾಗೆ, ಇದೇ ಬಣ್ಣದಲ್ಲಿ ಲೈಸೋಸೋಮ್ (ಕೋಶದೊಳಗಿನ ಆಮ್ಲೀಯ ಚೀಲ) ಪಿಎಚ್ ಅಳೆಯೋಕೆ ಹೋಗಬೇಡಿ. ಇದರ ಪಿಕೆಎ, ಅಂದ್ರೆ ಬಣ್ಣ ಚೆನ್ನಾಗಿ ಸ್ಪಂದಿಸೋ ಪಿಎಚ್‌ನ ನಡುಬಿಂದು, ಸುಮಾರು 7; ಅಲ್ಲಿನ ಪಿಎಚ್ 4.5ರಿಂದ 5.